ಒಂದೇ ಕಾಲೇಜು ಗೆಲ್ಲುತ್ತಲೇ ಹೋದರೆ ಪೈಪೋಟಿ ಸಾಯುತ್ತದೆಯೇ?

2016ರ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಹದಿನಾರರ ಸುತ್ತಿನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ ಮಿಸ್ಸಿಸಿಪ್ಪಿ ಸ್ಟೇಟ್ ತಂಡವನ್ನು 98–38ರಿಂದ ಸೋಲಿಸಿತು. ಅಂತರ ಅರವತ್ತು ಅಂಕ. ಈ ತಂಡ ಮಹಿಳೆಯರ ಆಟವನ್ನೇ ಕೊಲ್ಲುತ್ತಿದೆ ಎಂದು ಬಾಸ್ಟನ್‌ನ ಅಂಕಣಕಾರರೊಬ್ಬರು ಬರೆದರು. ಬೇಡವಾದವರು ನೋಡದಿದ್ದರಾಯಿತು ಎಂಬ ಧಾಟಿಯಲ್ಲಿ ಕೋಚ್ ಜೀನೋ ಆರಿಯೆಮ್ಮಾ ತಿರುಗೇಟು ಕೊಟ್ಟರು. ಆ ಸಲ ಕನೆಕ್ಟಿಕಟ್ ಸತತ ನಾಲ್ಕನೇ ಬಾರಿ ಚಾಂಪಿಯನ್ ಆಯಿತು. ಮರುವರ್ಷ ಮಾರ್ಚ್ 31ರಂದು ಡಲ್ಲಾಸ್‌ನಲ್ಲಿ ಸೆಮಿಫೈನಲ್, ಮತ್ತೆ ಅವೇ ಎರಡು ತಂಡಗಳು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಐದಡಿ ಐದಿಂಚಿನ ಮಾರ್ಗನ್ ವಿಲಿಯಂ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಬುಟ್ಟಿಯೊಳಗೆ ಬಿತ್ತು. ಮಿಸ್ಸಿಸಿಪ್ಪಿ ಸ್ಟೇಟ್ 66–64ರಿಂದ ಗೆದ್ದಿತು, ಕನೆಕ್ಟಿಕಟ್‌ನ ಸತತ 111 ಗೆಲುವುಗಳ ಸರಣಿ ಅಲ್ಲಿಗೆ ಮುಗಿಯಿತು.

ಇದೊಂದು ಪಂದ್ಯ ಸಾಕು, ಪಾರಮ್ಯದಿಂದ ಏನೂ ಕೆಡುವುದಿಲ್ಲ ಎಂದು ಹೇಳುವವರಿದ್ದಾರೆ. ಅದು ಅವಸರದ ತೀರ್ಮಾನ. ಪಾರಮ್ಯದಿಂದ ಹಾನಿಯಾಗುವುದು ನಿಜ. ಆದರೆ ಜನ ಬೊಟ್ಟು ಮಾಡುವ ಫೈನಲ್‌ನಲ್ಲಿ ಆಗುವುದಕ್ಕಿಂತ ಹೆಚ್ಚಿನ ಹಾನಿ ಯಾರೂ ನೋಡದ ಜನವರಿ ತಿಂಗಳ ಲೀಗ್ ಪಂದ್ಯಗಳಲ್ಲಿ ಆಗುತ್ತದೆ. ಅದಕ್ಕೆ ಕಾರಣವೂ ಗೆಲ್ಲುವ ತಂಡಕ್ಕಿಂತ ಹೆಚ್ಚಾಗಿ, ಆ ತಂಡದ ಸುತ್ತ ಇರುವ ನಿಯಮಗಳೇ.

ವಾದ ಮಾಡುವ ಮುನ್ನ ಯಾವ ಪೈಪೋಟಿಯ ಮಾತು ಎಂದು ತಿಳಿಯಬೇಕು. ಇಂದಿನ ಪಂದ್ಯದ ಫಲಿತಾಂಶ ಮೊದಲೇ ಗೊತ್ತಿದೆಯೇ ಎಂಬುದು ಒಂದು ಪ್ರಶ್ನೆ. ಈ ಋತುವಿನಲ್ಲಿ ಪ್ರಶಸ್ತಿ ಗೆಲ್ಲಬಲ್ಲ ತಂಡಗಳು ಎಷ್ಟು ಎಂಬುದು ಇನ್ನೊಂದು. ಹತ್ತು ಹನ್ನೆರಡು ವರ್ಷಗಳಲ್ಲಿ ಪ್ರಶಸ್ತಿ ಎಷ್ಟು ಕೈ ಬದಲಾಯಿಸಿತು ಎಂಬುದು ಮತ್ತೊಂದು. ಒಂದು ಆಟದಲ್ಲಿ ಮೂರನೆಯದು ತೀರಾ ಕೆಟ್ಟಿದ್ದರೂ ಮೊದಲನೆಯದು ಚೆನ್ನಾಗಿಯೇ ಇರಬಹುದು.

ಕಾಲೇಜು ಆಟದಲ್ಲಿ ಪಾರಮ್ಯ ಹುಟ್ಟುವ ಬಗೆ

ಅಮೆರಿಕದ ವೃತ್ತಿಪರ ಲೀಗ್‌ಗಳಲ್ಲಿ ಡ್ರಾಫ್ಟ್ ಎಂಬ ಪದ್ಧತಿಯಿದೆ. ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ ಹಿಂದಿನ ಋತುವಿನಲ್ಲಿ ಸೋತ ತಂಡಗಳಿಗೆ ಆದ್ಯತೆ. ಬಹುತೇಕ ಕಡೆ ಸಂಬಳಕ್ಕೂ ಮಿತಿಯೋ ದಂಡವೋ ಇರುತ್ತದೆ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ವ್ಯವಸ್ಥೆಯಲ್ಲಿ ಡ್ರಾಫ್ಟ್ ಇಲ್ಲ. ಹೈಸ್ಕೂಲು ಮುಗಿಸಿದ ಹುಡುಗಿ ತನಗೆ ಬೇಕಾದ ಕಾಲೇಜನ್ನು ತಾನೇ ಆರಿಸಿಕೊಳ್ಳುತ್ತಾಳೆ, ಆರಿಸಿಕೊಳ್ಳುವುದು ಸಾಮಾನ್ಯವಾಗಿ ಗೆಲ್ಲುವ ತಂಡವನ್ನೇ. ಗೆದ್ದವರಿಗೆ ಒಳ್ಳೆಯ ಆಟಗಾರ್ತಿಯರು ಸಿಗುತ್ತಾರೆ, ಅವರಿಂದ ತಂಡ ಮತ್ತೆ ಗೆಲ್ಲುತ್ತದೆ.

ಇದಕ್ಕೊಂದು ಅಡ್ಡಗಟ್ಟೂ ಇದೆ. ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿಗೆ ಆಡಲು ಸಿಗುವುದು ಐದು ವರ್ಷಗಳೊಳಗೆ ನಾಲ್ಕು ಋತು ಮಾತ್ರ. ನಾಲ್ಕೈದು ವರ್ಷಕ್ಕೊಮ್ಮೆ ಇಡೀ ತಂಡ ಬದಲಾಗಿಬಿಡುತ್ತದೆ. ಹಾಗಾಗಿ ದೀರ್ಘ ಪಾರಮ್ಯದ ಹಿಂದೆ ಸಾಮಾನ್ಯವಾಗಿ ಒಬ್ಬ ಕೋಚ್ ಇರುತ್ತಾರೆ: ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಜಾನ್ ವುಡನ್, ಟೆನೆಸ್ಸಿಯ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ಯಾಟ್ ಸಮಿಟ್, ಐಯೊವಾ ಕುಸ್ತಿಯಲ್ಲಿ ಡ್ಯಾನ್ ಗೇಬಲ್, ಅಲಬಾಮಾದ ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಿಕ್ ಸೇಬನ್. ಕೋಚ್ ನಿವೃತ್ತರಾದ ಮೇಲೆ ಆ ಮಟ್ಟ ಉಳಿಯುವುದು ಕಷ್ಟ. ಯುಸಿಎಲ್‌ಎ ಪುರುಷರ ತಂಡ ವುಡನ್ ಕಾಲದಲ್ಲಿ, 1964ರಿಂದ 1975ರೊಳಗೆ, ಹತ್ತು ಪ್ರಶಸ್ತಿ ಗೆದ್ದಿತು. ಅದರ ನಂತರದ ಇಪ್ಪತ್ತು ವರ್ಷಗಳಲ್ಲಿ ಸಿಕ್ಕಿದ್ದು ಒಂದೇ, 1995ರಲ್ಲಿ.

ಗೆಲ್ಲುವ ತಂಡದಿಂದ ಬುದ್ಧಿಯೂ ಸೋರಿ ಹೊರಗೆ ಹೋಗುತ್ತದೆ. ಸೇಬನ್ ಕೈಕೆಳಗೆ ವರ್ಷಗಟ್ಟಲೆ ದುಡಿದ ಕರ್ಬಿ ಸ್ಮಾರ್ಟ್ 2015ರ ಋತು ಮುಗಿದ ಮೇಲೆ ಜಾರ್ಜಿಯಾದ ಮುಖ್ಯ ಕೋಚ್ ಆದರು. 2022ರ ಜನವರಿಯ ಫೈನಲ್‌ನಲ್ಲಿ ಅವರ ಜಾರ್ಜಿಯಾ ಅಲಬಾಮಾವನ್ನೇ 33–18ರಿಂದ ಮಣಿಸಿತು, ಮುಂದಿನ ಋತುವಿನಲ್ಲೂ ಚಾಂಪಿಯನ್ ಆಯಿತು.

ಎಷ್ಟು ಸುತ್ತು ಎಂಬುದೇ ದೊಡ್ಡ ನಿಯಮ

ಯುಸಿಎಲ್‌ಎ 1967ರಿಂದ 1973ರವರೆಗೆ ಸತತ ಏಳು ಪ್ರಶಸ್ತಿ ಗೆದ್ದ ಕಾಲದ ಟೂರ್ನಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗ ಟೂರ್ನಿಗೆ ಬರುತ್ತಿದ್ದುದು ಹೆಚ್ಚೆಂದರೆ ಇಪ್ಪತ್ತೈದು ತಂಡಗಳು. ಒಂದು ಕಾನ್ಫರೆನ್ಸ್‌ನಿಂದ, ಅಂದರೆ ತಮ್ಮತಮ್ಮಲ್ಲೇ ಲೀಗ್ ಆಡಿಕೊಳ್ಳುವ ಕಾಲೇಜುಗಳ ಒಂದು ಕೂಟದಿಂದ, ಒಂದೇ ತಂಡಕ್ಕೆ ಪ್ರವೇಶ. ತಂಡಗಳನ್ನು ವಲಯಗಳಿಗೆ ಹಂಚುತ್ತಿದ್ದುದು ಭೂಪಟ ನೋಡಿ. ಹಾಗಾಗಿ ಪಶ್ಚಿಮದ ಯುಸಿಎಲ್‌ಎಗೆ ಮೊದಲು ಎದುರಾಗುತ್ತಿದ್ದವರು ಪಶ್ಚಿಮದವರೇ, ಪೂರ್ವದ ಘಟಾನುಘಟಿ ತಂಡಗಳು ಕೊನೆಯ ನಾಲ್ಕರ ಘಟ್ಟದವರೆಗೆ ದೂರ. ಮೊದಲ ಸುತ್ತಿಗೆ ಬೈ, ಅಂದರೆ ಆಡದೆಯೇ ಮುಂದಕ್ಕೆ ಹೋಗುವ ಅವಕಾಶ, ಇದ್ದುದರಿಂದ ಪ್ರಶಸ್ತಿಗೆ ಗೆಲ್ಲಬೇಕಿದ್ದುದು ನಾಲ್ಕೇ ಪಂದ್ಯ.

ಇಂದಿನ ಚಾಂಪಿಯನ್ ಆರು ಪಂದ್ಯ ಗೆಲ್ಲಬೇಕು. ಎರಡು ಪಂದ್ಯ ಹೆಚ್ಚಾದರೆ ಏನು ಮಹಾ ಎನ್ನಿಸಬಹುದು, ಲೆಕ್ಕ ಹಾಕಿ ನೋಡೋಣ. ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 95 ಇರುವ ಅಸಾಮಾನ್ಯ ತಂಡ ಎಂದಿಟ್ಟುಕೊಳ್ಳಿ. ನಾಲ್ಕು ಪಂದ್ಯವಾದರೆ 0.95ನ್ನು ನಾಲ್ಕು ಸಲ ಗುಣಿಸಬೇಕು, ಪ್ರಶಸ್ತಿಯ ಸಾಧ್ಯತೆ ನೂರಕ್ಕೆ 81. ಆರು ಪಂದ್ಯವಾದರೆ ನೂರಕ್ಕೆ 73 ಚಿಲ್ಲರೆ. ಒಂದು ವರ್ಷಕ್ಕೆ ಇದು ಸಣ್ಣ ವ್ಯತ್ಯಾಸ. ಸತತ ಏಳು ವರ್ಷಕ್ಕೆ ಲೆಕ್ಕ ಹಾಕಿದರೆ ನಾಲ್ಕು ಪಂದ್ಯದ ಟೂರ್ನಿಯಲ್ಲಿ ನೂರಕ್ಕೆ ಸುಮಾರು 24, ಆರು ಪಂದ್ಯದ್ದರಲ್ಲಿ ಸುಮಾರು 12. ಅಷ್ಟೇ ಬಲದ ತಂಡ, ಎರಡೇ ಸುತ್ತು ಹೆಚ್ಚು, ಸಾಧ್ಯತೆ ಅರ್ಧಕ್ಕೆ ಇಳಿಯಿತು. ತಂಡದ ಬಲ ಪಂದ್ಯಕ್ಕೆ 95ರಿಂದ 85ಕ್ಕೆ ಇಳಿದರೆ ಆರು ಪಂದ್ಯಗಳ ಒಂದೇ ಒಂದು ಪ್ರಶಸ್ತಿಯ ಸಾಧ್ಯತೆಯೇ ನೂರಕ್ಕೆ 38. ನಾಕೌಟ್‌ನಲ್ಲಿ ಬಹಳ ಒಳ್ಳೆಯ ತಂಡಕ್ಕೂ ಸೋಲುವ ವರ್ಷಗಳೇ ಹೆಚ್ಚು.

ಯುಸಿಎಲ್‌ಎಯನ್ನು ಕಟ್ಟಿಹಾಕುವ ಇನ್ನೊಂದು ಪ್ರಯತ್ನವೂ ನಡೆದಿತ್ತು. 1967ರಲ್ಲಿ, ಏಳಡಿಗೂ ಮಿಕ್ಕ ಎತ್ತರದ ಲ್ಯೂ ಆಲ್ಸಿಂಡರ್, ಅಂದರೆ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಆದವರು, ತಮ್ಮ ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದುಕೊಟ್ಟ ಮೇಲೆ, ಚೆಂಡನ್ನು ರಿಂಗಿನ ಮೇಲಿನಿಂದ ತುರುಕುವ ಡಂಕ್ ಹೊಡೆತವನ್ನೇ ನಿಷೇಧಿಸಿದರು. ನಿಷೇಧ 1976ರವರೆಗೆ ಇತ್ತು. ಆಲ್ಸಿಂಡರ್ ಕೈಯನ್ನು ಕಮಾನಿನಂತೆ ಬೀಸಿ ಎಸೆಯುವ ಸ್ಕೈಹುಕ್ ಹೊಡೆತವನ್ನು ಸಾಣೆ ಹಿಡಿದುಕೊಂಡರು, ಯುಸಿಎಲ್‌ಎ ಗೆಲ್ಲುತ್ತಲೇ ಹೋಯಿತು. ಒಬ್ಬನನ್ನು ನೋಡಿ ಮಾಡಿದ ನಿಯಮದ ಗತಿ ಇಷ್ಟೇ.

ಕೆಲಸ ಮಾಡಿದ್ದು ಬಾಗಿಲು ತೆರೆದದ್ದು. 1974ರಲ್ಲಿ ದೇಶದ ನಾಲ್ಕನೇ ಕ್ರಮಾಂಕದ ಮೇರಿಲ್ಯಾಂಡ್ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಸೋತು, ಒಂದು ಕೂಟಕ್ಕೆ ಒಂದೇ ತಂಡ ಎಂಬ ನಿಯಮದಿಂದಾಗಿ ಟೂರ್ನಿಗೇ ಬರಲಾಗದೆ ಮನೆಯಲ್ಲಿ ಉಳಿಯಿತು. ಗೆದ್ದ ನಾರ್ತ್ ಕೆರೊಲಿನಾ ಸ್ಟೇಟ್ ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಆಯಿತು! ಮರುವರ್ಷ ತಂಡಗಳ ಸಂಖ್ಯೆ 32ಕ್ಕೆ ಏರಿತು, ಒಂದು ಕಾನ್ಫರೆನ್ಸ್‌ನಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೆ ಅವಕಾಶ ಸಿಕ್ಕಿತು. 1985ರ ಹೊತ್ತಿಗೆ 64 ತಂಡಗಳಾದವು.

ಅಳೆಯುವುದು ಹೇಗೆ

ಪಾರಮ್ಯವನ್ನು ಸಿಟ್ಟಿನಿಂದ ಅಳೆಯುವ ಬದಲು ಅಂಕಿಯಿಂದ ಅಳೆಯಬಹುದು. ಮಾರುಕಟ್ಟೆಯಲ್ಲಿ ಎಷ್ಟು ಕಂಪನಿಗಳ ಹಿಡಿತವಿದೆ ಎಂದು ನೋಡಲು ಅರ್ಥಶಾಸ್ತ್ರಜ್ಞರು ಬಳಸುವ ಹರ್ಫಿಂಡಾಲ್ ಸೂಚ್ಯಂಕ ಇಲ್ಲಿಗೂ ಹೊಂದುತ್ತದೆ. ಒಂದು ಅವಧಿಯನ್ನು ಆರಿಸಿಕೊಳ್ಳಿ. ಪ್ರತಿ ತಂಡ ಗೆದ್ದ ಪ್ರಶಸ್ತಿಗಳನ್ನು ಒಟ್ಟು ಪ್ರಶಸ್ತಿಗಳಿಂದ ಭಾಗಿಸಿ, ಬಂದ ಉತ್ತರವನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ. ಎಲ್ಲವೂ ಒಂದೇ ತಂಡದ ಪಾಲಾದರೆ 1 ಬರುತ್ತದೆ. ಹನ್ನೆರಡು ವರ್ಷ ಹನ್ನೆರಡು ಬೇರೆ ತಂಡಗಳು ಗೆದ್ದರೆ 0.083.

1964ರಿಂದ 1975ರ ಪುರುಷರ ಬ್ಯಾಸ್ಕೆಟ್‌ಬಾಲ್ ತೆಗೆದುಕೊಳ್ಳಿ. ಯುಸಿಎಲ್‌ಎಗೆ ಹತ್ತು, ಟೆಕ್ಸಸ್ ವೆಸ್ಟರ್ನ್‌ಗೆ ಒಂದು, ನಾರ್ತ್ ಕೆರೊಲಿನಾ ಸ್ಟೇಟ್‌ಗೆ ಒಂದು. ಸೂಚ್ಯಂಕ 0.71. ಮುಂದಿನ ಹನ್ನೆರಡು ವರ್ಷಗಳಲ್ಲಿ ಇಂಡಿಯಾನಾ ಮೂರು, ಲೂಯಿವಿಲ್ ಎರಡು, ಉಳಿದ ಏಳು ಪ್ರಶಸ್ತಿಗಳು ಏಳು ಬೇರೆ ಕಾಲೇಜುಗಳಿಗೆ. ಸೂಚ್ಯಂಕ 0.14. ಸತ್ತೇಹೋಯಿತು ಎಂದ ಪೈಪೋಟಿ ಒಂದೇ ಪೀಳಿಗೆಯಲ್ಲಿ ಹೀಗೆ ಚಿಗುರಿತು.

ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ನಲ್ಲಿ 2009ರಿಂದ 2016ರವರೆಗಿನ ಎಂಟು ಪ್ರಶಸ್ತಿಗಳಲ್ಲಿ ಕನೆಕ್ಟಿಕಟ್‌ಗೆ ಆರು, ಸೂಚ್ಯಂಕ 0.59. 2017ರಿಂದ 2024ರವರೆಗೆ, ಕೋವಿಡ್‌ನಿಂದ ರದ್ದಾದ 2020 ಬಿಟ್ಟು, ಏಳು ಟೂರ್ನಿಗಳು: ಸೌತ್ ಕೆರೊಲಿನಾ ಮೂರು, ನಾಟರ್ ಡೇಮ್, ಬೇಯ್ಲರ್, ಸ್ಟ್ಯಾನ್‌ಫರ್ಡ್, ಲೂಯಿಸಿಯಾನಾ ಸ್ಟೇಟ್ ಒಂದೊಂದು. ಸೂಚ್ಯಂಕ 0.27. 2025ರಲ್ಲಿ ಕನೆಕ್ಟಿಕಟ್ ಮತ್ತೆ ಗೆದ್ದು ಒಟ್ಟು ಹನ್ನೆರಡು ಮಾಡಿಕೊಂಡಿತು.

ಈ ಅಳತೆಯಲ್ಲಿ ಮೋಸ ಹೋಗುವುದು ಸುಲಭ. ಅವಧಿಯನ್ನು ನಮಗೆ ಬೇಕಾದ ವರ್ಷದಿಂದ ಶುರುಮಾಡಿದರೆ ಬೇಕಾದ ಉತ್ತರ ಬರುತ್ತದೆ, ಮೇಲಿನ 2009 ಕೂಡ ಅಂಥದ್ದೇ ಆಯ್ಕೆ. ಜೊತೆಗೆ ಇದು ಚಾಂಪಿಯನ್ನರನ್ನು ಮಾತ್ರ ಎಣಿಸುತ್ತದೆ, ಫೈನಲ್ ಎಷ್ಟು ಬಿಗಿಯಾಗಿತ್ತು ಎಂಬುದು ಅದಕ್ಕೆ ಕಾಣದು.

ನಿಜವಾದ ಹಾನಿ ಎಲ್ಲಿ

ಕನೆಕ್ಟಿಕಟ್ ಮಹಿಳಾ ತಂಡ 2013ರಿಂದ 2020ರವರೆಗೆ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್‌ನಲ್ಲಿತ್ತು. ಏಳು ಋತುಗಳಲ್ಲಿ ಆ ಕೂಟದ ತಂಡಗಳ ಎದುರು ಅದು ಒಂದೇ ಒಂದು ಪಂದ್ಯ ಸೋಲಲಿಲ್ಲ. ಇತರ ಕಾಲೇಜುಗಳ ಪಾಡು ಊಹಿಸಿಕೊಳ್ಳಿ. ಕಾನ್ಫರೆನ್ಸ್ ಪ್ರಶಸ್ತಿ ಗೆದ್ದ ತಂಡಕ್ಕೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಆ ದಾರಿ ಏಳು ವರ್ಷ ಮುಚ್ಚಿತ್ತು. ಉಳಿದದ್ದು ಆಯ್ಕೆ ಸಮಿತಿಯ ಕೃಪೆ. ಸಮಿತಿ ಕಠಿಣ ಎದುರಾಳಿಗಳನ್ನು ಸೋಲಿಸಿದ್ದೀರಾ ಎಂದು ಕೇಳುತ್ತದೆ, ಕೂಟದಲ್ಲಿ ಅಂಥ ಎದುರಾಳಿ ಹೆಚ್ಚಾಗಿ ಒಬ್ಬರೇ, ಅವರನ್ನು ಸೋಲಿಸಲಾಗದು. ಪಾರಮ್ಯದ ಪೆಟ್ಟು ಬೀಳುವುದು ಇಲ್ಲಿ, ನೆರೆಹೊರೆಯವರ ಮೇಲೆ. 2020ರಲ್ಲಿ ಕನೆಕ್ಟಿಕಟ್ ಬಿಗ್ ಈಸ್ಟ್ ಎಂಬ ತನ್ನ ಹಳೆಯ ಕೂಟಕ್ಕೆ ಮರಳಿದ ಮೇಲೆ ಅಮೆರಿಕನ್ ಅಥ್ಲೆಟಿಕ್ ಕೂಟದ ಪ್ರಶಸ್ತಿ ಇತರರ ಕೈಗೆಟುಕಿತು.

ಇನ್ನೊಂದು ಹಾನಿ ಆಟಗಾರರನ್ನು ಕೂಡಿಹಾಕುವುದು. ಕಾಲೇಜು ಫುಟ್‌ಬಾಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ, 1973ರವರೆಗೆ ವಿದ್ಯಾರ್ಥಿವೇತನಕ್ಕೆ ರಾಷ್ಟ್ರಮಟ್ಟದ ಮಿತಿ ಇರಲಿಲ್ಲ. ದುಡ್ಡಿರುವ ಕಾಲೇಜು ನೂರಾರು ಹುಡುಗರನ್ನು ತಂದು ಬೆಂಚಿನ ಮೇಲೆ ಕೂರಿಸಬಹುದಿತ್ತು. ಹಾಗೆ ಕೂತವನು ಎದುರಾಳಿಯ ಪರ ಆಡಲಾರ ಎಂಬುದೇ ಲಾಭ. ಆ ವರ್ಷ ಮಿತಿ 105 ಆಯಿತು, 1978ರಲ್ಲಿ 95, 1990ರ ದಶಕದ ಆರಂಭದಲ್ಲಿ ಹಂತಹಂತವಾಗಿ 85.

ಆದರೆ ಸಂಬಳ ಕೊಡಬಾರದು ಎಂಬ ನಿಯಮವೂ ಪೈಪೋಟಿ ಉಳಿಸುತ್ತದೆ ಎಂದು ಎನ್‌ಸಿಎಎ ದಶಕಗಳ ಕಾಲ ವಾದಿಸಿತು. ಆಟಗಾರನಿಗೆ ಕೊಡಲಾಗದ ದುಡ್ಡು ಕೋಚ್‌ನ ಸಂಬಳಕ್ಕೂ ಜಿಮ್ಮಿಗೂ ಕ್ರೀಡಾಂಗಣಕ್ಕೂ ಹೋಯಿತು, ಅವನ್ನು ಕೊಳ್ಳಬಲ್ಲವರು ದೊಡ್ಡವರೇ. ಮಾಜಿ ಆಟಗಾರ ಎಡ್ ಓಬ್ಯಾನನ್ ಎನ್‌ಸಿಎಎ ವಿರುದ್ಧ ಹೂಡಿದ ಮೊಕದ್ದಮೆಯ 2014ರ ತೀರ್ಪಿನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಈ ವಾದವನ್ನು ಒಪ್ಪಲಿಲ್ಲ.

ಮಿತಿಯೂ ಎಲ್ಲ ಕಡೆ ಫಲ ಕೊಡುವುದಿಲ್ಲ. ಕುಸ್ತಿಯಲ್ಲಿ ಒಂದು ತಂಡಕ್ಕೆ ಇದ್ದುದು 9.9 ವಿದ್ಯಾರ್ಥಿವೇತನ. ಅದನ್ನು ತುಂಡು ಮಾಡಿ ಹಲವರಿಗೆ ಹಂಚಬಹುದು. ತೂಕದ ವಿಭಾಗಗಳು ಹತ್ತು, ಅಂದರೆ ಅಖಾಡಕ್ಕೆ ಇಳಿಯುವ ಹತ್ತು ಜನರಿಗೂ ಪೂರ್ತಿ ಸಾಲದು. ಇಷ್ಟಾಗಿಯೂ ಕೇಲ್ ಸ್ಯಾಂಡರ್ಸನ್ ಕೋಚ್ ಆಗಿರುವ ಪೆನ್ ಸ್ಟೇಟ್ 2011ರಿಂದ 2025ರವರೆಗೆ ನಡೆದ 14 ಟೂರ್ನಿಗಳಲ್ಲಿ 12 ಗೆದ್ದಿತು. ಕುಸ್ತಿಪಟುವಿಗೆ ದಿನವೂ ಪಟ್ಟು ಹಾಕಲು ತನಗಿಂತ ಬಲವಾದ ಜೊತೆಗಾರ ಬೇಕು. ಅದು ಸಿಗುವ ಕಡೆಗೆ ಅರ್ಧ ವೇತನಕ್ಕೂ ಹೋಗುತ್ತಾನೆ.

ಎಳೆಯ ಆಟ, ಬಲಿತ ಆಟ

ಮಹಿಳೆಯರ ಕಾಲೇಜು ಸಾಕರ್‌ನಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕಥೆ ಬೇರೆಲ್ಲಕ್ಕಿಂತ ಹೆಚ್ಚು ತಿಳಿಸುತ್ತದೆ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ಟೈಟಲ್ ನೈನ್ ಕಾನೂನು 1972ರಲ್ಲಿ ಬಂದರೂ ಹುಡುಗಿಯರ ಸಾಕರ್ ತಂಡ ಕಟ್ಟಿದ ಕಾಲೇಜುಗಳು ಆರಂಭದಲ್ಲಿ ಬಹಳ ಕಡಿಮೆ. ಎನ್‌ಸಿಎಎ ಮೊದಲ ಟೂರ್ನಿ ನಡೆಸಿದ್ದು 1982ರಲ್ಲಿ, 12 ತಂಡಗಳೊಂದಿಗೆ. ಆನ್ಸನ್ ಡೋರೆನ್ಸ್ ಕೋಚ್ ಆಗಿದ್ದ ನಾರ್ತ್ ಕೆರೊಲಿನಾ ಮೊದಲ 19 ಟೂರ್ನಿಗಳಲ್ಲಿ 16 ಗೆದ್ದಿತು, ಅದರಲ್ಲಿ ಒಂಬತ್ತು ಸತತ. ನಂತರದ 24 ವರ್ಷಗಳಲ್ಲಿ, 2024ರವರೆಗೆ, ಗೆದ್ದದ್ದು ಆರು. ತಂಡ ಕೆಟ್ಟದ್ದೇನೂ ಆಗಲಿಲ್ಲ. ಮೊದಲ ದರ್ಜೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕಾಲೇಜುಗಳು ತಂಡ ಕಟ್ಟಿದವು, ಹೈಸ್ಕೂಲುಗಳಿಂದ ಒಳ್ಳೆಯ ಆಟಗಾರ್ತಿಯರು ಹೆಚ್ಚು ಬಂದರು. ನೂರು ಜನ ಒಳ್ಳೆಯವರಿದ್ದಾಗ ಇಪ್ಪತ್ತು ಜನರನ್ನು ಹಿಡಿದಿಟ್ಟುಕೊಂಡವನು ರಾಜ, ಸಾವಿರ ಜನರಿದ್ದಾಗ ಅದೇ ಇಪ್ಪತ್ತಕ್ಕೆ ಆ ಬೆಲೆ ಇಲ್ಲ.

ಈ ಕಣ್ಣಿನಿಂದ ನೋಡಿದರೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಅನ್ನು ಹಿಂದಕ್ಕೆಳೆದವರು ಯಾರೆಂದು ಬೇರೆಯೇ ಉತ್ತರ ಸಿಗುತ್ತದೆ. 2021ರ ಟೂರ್ನಿಯಲ್ಲಿ ಪುರುಷರಿಗೆ ಭರ್ಜರಿ ಜಿಮ್, ಮಹಿಳೆಯರಿಗೆ ಒಂದು ಸಣ್ಣ ಡಂಬೆಲ್ ಸ್ಟ್ಯಾಂಡ್ ಕೊಟ್ಟದ್ದು ವಿಡಿಯೊ ಆಗಿ ಹರಿದಾಡಿದ ಮೇಲೆ ಎನ್‌ಸಿಎಎ ಎಚ್ಚೆತ್ತಿತು. ಪುರುಷರ ಟೂರ್ನಿಗಷ್ಟೇ ಇದ್ದ ಮಾರ್ಚ್ ಮ್ಯಾಡ್‌ನೆಸ್ ಎಂಬ ಹೆಸರನ್ನು ಮಹಿಳೆಯರ ಟೂರ್ನಿಗೆ ಬಳಸಲು ಶುರುಮಾಡಿದ್ದೇ 2022ರಲ್ಲಿ. 2024ರ ಫೈನಲ್ ಅನ್ನು ಸುಮಾರು 1.9 ಕೋಟಿ ಜನ ನೋಡಿದರು, ಪುರುಷರ ಫೈನಲ್‌ಗಿಂತಲೂ ಹೆಚ್ಚು. ಗೆದ್ದ ಸೌತ್ ಕೆರೊಲಿನಾ ಆ ಋತುವಿನಲ್ಲಿ 38 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ! ಜನರನ್ನು ಎಳೆದು ತಂದದ್ದು ಎದುರಾಳಿ ಐಯೊವಾದ ಕೇಟ್ಲಿನ್ ಕ್ಲಾರ್ಕ್. ಸೋಲದ ತಂಡಕ್ಕೆ ಸರಿಸಮನಾದ ಎದುರಾಳಿ ಸಿಕ್ಕರೆ ಪಾರಮ್ಯವೇ ಆಕರ್ಷಣೆ. 1968ರ ಜನವರಿ 20ರಂದು ಯುಸಿಎಲ್‌ಎ ಹ್ಯೂಸ್ಟನ್ ತಂಡವನ್ನು ಎದುರಿಸಿದಾಗ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಸೇರಿದವರು 52,693 ಜನ. ಹ್ಯೂಸ್ಟನ್‌ನ ಎಲ್ವಿನ್ ಹೇಸ್ 39 ಅಂಕ ಗಳಿಸಿ 71–69ರಿಂದ ಗೆಲ್ಲಿಸಿ, ಯುಸಿಎಲ್‌ಎಯ ಸತತ 47 ಗೆಲುವುಗಳಿಗೆ ತಡೆ ಹಾಕಿದರು.

ನಮ್ಮ ಕಡೆಯ ಅಂತರ ವಿಶ್ವವಿದ್ಯಾಲಯ ಕ್ರೀಡೆಯಲ್ಲೂ ಪಾರಮ್ಯಗಳಿವೆ. ಕ್ರೀಡೆಯಲ್ಲಿ ಒಟ್ಟಾರೆ ಅತ್ಯುತ್ತಮ ವಿಶ್ವವಿದ್ಯಾಲಯಕ್ಕೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ. ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಬಲ ಬಹುಮಟ್ಟಿಗೆ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನದು: ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತ ಓದು, ಹಾಸ್ಟೆಲ್, ತರಬೇತಿ ಕೊಡುವ ಯೋಜನೆ. ಇಂಥ ಕಡೆ ಪದಕ ಪಟ್ಟಿಯನ್ನು ಹುಷಾರಾಗಿ ಓದಬೇಕು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಮೊದಲ ಸ್ಥಾನ ಪಡೆಯಿತು. ಅದರಲ್ಲಿ ಏಳು ಈಜುಗಾರ ಶಿವ ಶ್ರೀಧರ್ ಒಬ್ಬರವೇ. ಇಡೀ ಕಬಡ್ಡಿ ತಂಡ ಬೆವರು ಸುರಿಸಿದರೆ ಪಟ್ಟಿಗೆ ಸೇರುವುದು ಒಂದೇ ಪದಕ.

ದುಡ್ಡು ಒಳಗೆ ಬಂದ ಮೇಲೆ

2021ರ ಜುಲೈ 1ರಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಹಣ ಮಾಡಬಹುದು. ಅದೇ ವರ್ಷದಿಂದ ಒಂದು ಸಲ ಕಾಲೇಜು ಬದಲಿಸಿದರೆ ಒಂದು ಋತು ಕೂರಬೇಕಿಲ್ಲ, 2024ರಿಂದ ಎಷ್ಟು ಸಲವಾದರೂ ಬದಲಿಸಬಹುದು. ಇದರಿಂದ ಸಿರಿವಂತರು ಇನ್ನೂ ಬಲಿಯುತ್ತಾರೆ ಎಂಬ ಭಯವಿತ್ತು. ಫುಟ್‌ಬಾಲ್‌ನಲ್ಲಿ ಆದದ್ದು ವಿಚಿತ್ರ. ಇತಿಹಾಸದಲ್ಲೇ ಅತಿ ಹೆಚ್ಚು ಸೋತ ದೊಡ್ಡ ತಂಡಗಳ ಸಾಲಿನಲ್ಲಿದ್ದ ಇಂಡಿಯಾನಾ 2023ರಲ್ಲಿ 3 ಗೆದ್ದು 9 ಸೋತಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೆಯ ಕಾಲೇಜಿನಿಂದ ಒಂದು ಡಜನ್‌ಗೂ ಹೆಚ್ಚು ಆಟಗಾರರನ್ನು ಕರೆತಂದರು, ತಂಡದ ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದರು. 2026ರ ಜನವರಿಯಲ್ಲಿ ಮಯಾಮಿಯನ್ನು 27–21ರಿಂದ ಸೋಲಿಸಿ, ಒಂದೂ ಸೋಲಿಲ್ಲದೆ ಚಾಂಪಿಯನ್ ಆಯಿತು. ದೊಡ್ಡ ಕಾಲೇಜಿನ ಬೆಂಚಿನಲ್ಲಿ ಕೂತವನು ಈಗ ಎದ್ದು ಹೋಗುತ್ತಾನೆ, ಕೂಡಿಹಾಕುವ ತಂತ್ರ ನಡೆಯುವುದಿಲ್ಲ.

2025ರ ಜೂನ್ 6ರಂದು ನ್ಯಾಯಾಲಯದ ಒಪ್ಪಿಗೆ ಪಡೆದ, ಈಜುಗಾರ ಗ್ರಾಂಟ್ ಹೌಸ್ ಎನ್‌ಸಿಎಎ ವಿರುದ್ಧ ಹೂಡಿದ್ದ ಮೊಕದ್ದಮೆಯ ರಾಜಿ ಇನ್ನೊಂದು ಬಾಗಿಲು ತೆರೆಯಿತು. ಕಾಲೇಜು ಈಗ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು, 2025–26ರಲ್ಲಿ ಅದರ ಮಿತಿ ಒಟ್ಟು ಸುಮಾರು 2.05 ಕೋಟಿ ಡಾಲರ್ ಇತ್ತು. ಅದರ ಬಹುಪಾಲು ಫುಟ್‌ಬಾಲ್‌ಗೇ ಹೋಗುತ್ತದೆ, ಹಾಗಾಗಿ ಎಲ್ಲರ ಕಣ್ಣೂ ಅಲ್ಲಿದೆ. ಗಮನಿಸಬೇಕಾದ್ದು ಸಣ್ಣ ಆಟಗಳನ್ನು. ರಾಜಿಗೆ ಸೇರಿದ ಕಾಲೇಜುಗಳಿಗೆ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರದ ಮಿತಿ ಬಂದಿದೆ. ಕುಸ್ತಿಯಲ್ಲಿ ಅದು 30. ಹಣವಿರುವ ಕಾಲೇಜು 30 ಜನರಿಗೂ ಪೂರ್ತಿ ವೇತನ ಕೊಡಬಹುದು, ಇಲ್ಲದ್ದು ಮೊದಲಿನಂತೆ 9.9ನ್ನೋ ಅದಕ್ಕಿಂತ ಕಡಿಮೆಯದನ್ನೋ ತುಂಡು ಮಾಡಿ ಹಂಚಬೇಕು. ಅರ್ಧ ವೇತನಕ್ಕೂ ಪೆನ್ ಸ್ಟೇಟ್‌ಗೆ ಹೋಗಲು ಸಿದ್ಧನಿದ್ದ ಕುಸ್ತಿಪಟುವಿಗೆ ಅಲ್ಲೇ ಪೂರ್ತಿ ವೇತನ ಸಿಕ್ಕರೆ, ಅವನನ್ನು ಸೆಳೆಯಲು ಸಣ್ಣ ಕಾಲೇಜಿನ ಕೈಯಲ್ಲಿ ಇದ್ದ ಒಂದೇ ಆಯುಧವೂ ಹೋಗುತ್ತದೆ.